ದೆವ್ವದ ಮನೆಯಲ್ಲಿ ನಿನ್ನ ಹೆಸರು ಕರೆದವಳು

ಮಗಳೇ, ಆ ದಿನ ಪಾರ್ಕಿನ ದೆವ್ವದ ಮನೆಯೊಳಗೆ, ಕತ್ತಲಲ್ಲಿ ನಿನ್ನ ಕೈ ಹಿಡಿದು ಹೆಸರು ಕರೆದವಳು ನಾನು. ನಿಮ್ಮಪ್ಪನ ಒಡಹುಟ್ಟಿದ ತಂಗಿ—ನಿನ್ನ ಸೋದರತ್ತೆ. ನೀನು ಸುಳ್ಳು ಹೇಳಿರಲಿಲ್ಲ. ನಿನಗೆ ಭ್ರಮೆಯೂ ಆಗಿರಲಿಲ್ಲ. ಯಾರೂ ನಂಬದ ಆ ಮಾತು ನಿಜವೆಂದು ಬಲ್ಲವಳು ನಾನೊಬ್ಬಳೇ. ನಾನೇ ಬಾಯಿ ಮುಚ್ಚಿಕೊಂಡಿದ್ದೆ.

ಹೇಗೆ ಹೇಳಲಿ... ಆಲೂರು ಕಡೆಯ ನಮ್ಮ ಹೊಸಕೋಟೆಯ ಮನೆಯನ್ನು ನಾನು ಬಿಟ್ಟದ್ದು ನೀನು ಹುಟ್ಟುವುದಕ್ಕೂ ಮೊದಲು. ಹಾನುಬಾಳಿನ ಒಬ್ಬ ಜೀಪ್ ಡ್ರೈವರನನ್ನು ಮೆಚ್ಚಿದ್ದೆ. ಅವನು ನಮ್ಮ ಜನ ಅಲ್ಲವೆಂದು ಮನೆಯಲ್ಲಿ ಒಪ್ಪಲಿಲ್ಲ. ಹೇಳದೆ ಹೋಗಿ ಮದುವೆಯಾದೆ. ನಿಮ್ಮಪ್ಪ ಅಂಗಡಿ ಬಾಗಿಲಲ್ಲಿ ನಿಂತು, ಬಂದ ಗಿರಾಕಿಗಳೆದುರು, "ನಂಗೊಬ್ಳು ತಂಗಿ ಇದ್ಲು, ಸತ್ತೋದ್ಲು" ಅಂದನಂತೆ. ಆ ಮಾತನ್ನು ಅವನು ಕೊನೆಯವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಗಂಡ ಜ್ವರ ಬಂದು ತೀರಿಕೊಂಡ—ಅಣ್ಣ ಬರಲಿಲ್ಲ. ನಮ್ಮವ್ವ ಗೌರಮ್ಮ ತೀರಿಕೊಂಡಳು—ನನಗೆ ಹೇಳಿಕಳಿಸಲಿಲ್ಲ. ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ನಮ್ಮೂರ ಸಾವಿತ್ರಕ್ಕ ಸುದ್ದಿ ಮುಟ್ಟಿಸುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವ್ವನ ಮುಖ ನೋಡಲಾಗಲಿಲ್ಲ. ಹಾನುಬಾಳಿನ ಬಾಡಿಗೆ ಕೋಣೆಗೆ ವಾಪಸ್ಸು ಬಂದು ಬಾಗಿಲು ಹಾಕಿಕೊಂಡೆ. ಅತ್ತರೂ ಕೇಳುವವರಿಲ್ಲದಿದ್ದರೆ ಅಳು ಕೂಡ ಬೇಗ ನಿಂತುಹೋಗುತ್ತದೆ.

ಕಾಫಿ ಬೆಲೆ ನೆಲ ಕಚ್ಚಿದ ಆ ವರ್ಷಗಳಲ್ಲಿ ಹತ್ತಿರದ ಎಸ್ಟೇಟಿನ ಸಾಹುಕಾರರು ರಸ್ತೆಬದಿಯಲ್ಲಿ ಫ್ಯಾಮಿಲಿ ಪಾರ್ಕ್ ತೆರೆದರು. ಜೋಕಾಲಿ, ಪುಟಾಣಿ ರೈಲು, ಕೆರೆಯಲ್ಲಿ ತುಳಿಯುವ ದೋಣಿ—ಆಮೇಲೆ ಕಾಫಿ ಮೂಟೆ ಇಡುತ್ತಿದ್ದ ಹಳೆಯ ಸ್ಟೋರಿಗೆ ಒಳಗೆಲ್ಲ ಕಪ್ಪು ಬಳಿದು ಒಂದು ದೆವ್ವದ ಮನೆ. ಕಸ ಗುಡಿಸಲು ಸೇರಿದ್ದ ನನಗೆ, ಉದ್ದ ಕೂದಲಿದೆ ಎಂದು ದೆವ್ವದ ಕೆಲಸ ಕೊಟ್ಟರು. ಬಿಳಿ ಸೀರೆ, ಕೆದರಿದ ತಲೆ, ಅಡಗಿ ನಿಲ್ಲಲು ಒಂದು ಹಲಗೆಯ ಮರೆ. ಸಾಹುಕಾರರು ಮೊದಲ ದಿನವೇ ಹೇಳಿದ್ದರು: "ನೋಡು ರತ್ನ, ಯಾರನ್ನೂ ಮುಟ್ಬಾರ್ದು, ಮಾತಾಡ್ಬಾರ್ದು. ಸಣ್ಣ ಮಕ್ಕಳು ಬಂದ್ರೆ ಹಲಗೆ ಹಿಂದೇನೇ ಇದ್ಬುಡು."

ಆ ಕೆಲಸ ನನಗೆ ಹಿಡಿಸಿತ್ತು. ಜನ ಕಿರುಚಿ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಹೊರಗಿನ ಬೆಳಕಿಗೆ ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಡೀ ದಿನ ಮನುಷ್ಯರ ಉಸಿರು ನನ್ನ ಹತ್ತಿರ ಸುಳಿದು ಹೋಗುತ್ತಿತ್ತು. ಕೋಣೆಯಲ್ಲಿ ಅದೂ ಇರಲಿಲ್ಲ.

ಬೇಸಿಗೆ ರಜೆಯ ಒಂದು ದಿನ. ಹಲಗೆಯ ಸಂದಿನಿಂದ ನೋಡುತ್ತೇನೆ—ನಿಮ್ಮಪ್ಪ! ತಲೆಗೂದಲು ಅಲ್ಲಲ್ಲಿ ನೆರೆತಿತ್ತು, ನಗು ಮಾತ್ರ ಅದೇ. ಪಕ್ಕದಲ್ಲಿ ಅತ್ತಿಗೆ. ಅಪ್ಪನ ಬೆರಳು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ ನೀನು. ಅಣ್ಣನಿಗೆ ಹೆಣ್ಣು ಮಗು ಆಗಿದೆ ಎಂದಷ್ಟೇ ಕೇಳಿದ್ದೆ. ನೋಡಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ.

"ನಾ ಬರಲ್ಲ ಅಪ್ಪ, ನಂಗೆ ಹೆದ್ರಿಕೆ ಆಗ್ತದೆ."

"ಬಾರೆ ಗೌರಿ, ಎಲ್ಲಾ ಸುಳ್ಳು ಕಣೆ. ನಾನಿಲ್ವಾ?"

ಗೌರಿ. ಅವ್ವನ ಹೆಸರು. ನನ್ನನ್ನು ಅವಳ ಹೆಣದ ಹತ್ತಿರವೂ ಬಿಟ್ಟುಕೊಳ್ಳದವನು ಆ ಹೆಸರನ್ನು ಮಗಳಿಗಿಟ್ಟು, ಬಾಯಿ ತುಂಬ ಕರೆಯುತ್ತಿದ್ದ.

ನಾನು ಹಲಗೆಯ ಹಿಂದೆ ಇರಬೇಕಿತ್ತು. ನೀನು ಆರೇಳು ವರ್ಷದ ಕೂಸು. ಆದರೆ ಒಳಗೆ ಬಂದ ಮೇಲೆ ನಿಮ್ಮಪ್ಪ ಬೆರಳು ಬಿಡಿಸಿಕೊಂಡು ನಗುತ್ತ ನಾಲ್ಕು ಹೆಜ್ಜೆ ಮುಂದೆ ಹೋದ, ನೀನು ಹಿಂದೆ ಉಳಿದೆ—ನಾನು ಕೈ ಚಾಚಿ ನಿನ್ನ ಕೈ ಹಿಡಿದೆ. ಬಗ್ಗಿ ಕಿವಿಯಲ್ಲಿ ಹೇಳಿದೆ:

"ಗೌರೀ... ನಿಮ್ಮಪ್ಪನ್ನ ಬುಟ್ಟು ನನ್ ಜೊತೆ ಬಂದ್ಬುಡು. ನಾ ಒಬ್ಳೇ ಇವ್ನಿ."

ಯಾಕೆ ಹಾಗೆಂದೆ? ಅಣ್ಣನ ಕರುಳು ಒಂದು ಸಲ ಚುರುಕ್ಕೆನ್ನಲಿ ಎಂದೇ? ನನ್ನ ರಕ್ತದ ಮಗುವನ್ನು ಮುಟ್ಟಬೇಕೆಂಬ ಆಸೆಯೇ? ಎರಡೂ ಇದ್ದಿರಬೇಕು. ಆದರೆ ನಿನ್ನ ಕೈ ತಣ್ಣಗಾಗಿ ಕೊರಡಿನಂತೆ ಸೆಟೆದದ್ದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಿಡಲಿಲ್ಲ. ಅದನ್ನು ಆಸೆ ಎನ್ನಲಾರೆ. ನೀನು ಕಿರುಚಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ನಿಮ್ಮಪ್ಪ ತಿರುಗಿ ಬರುವ ಸದ್ದಾದಾಗ ಕೈಬಿಟ್ಟು ಹಲಗೆಯ ಹಿಂದೆ ಸರಿದೆ.

ಹೊರಗೆ ಅತ್ತಿಗೆ ಕೂಗಾಡಿದರು: "ಮಕ್ಳು ಮರಿ ಆಡೋ ಜಾಗದಲ್ಲಿ ಇಂಥದ್ಯಾಕ್ರೀ ಇಕ್ಕಿದ್ದೀರಿ?" ಸಾಹುಕಾರರು, "ಹೆದ್ರೋರು ಒಳೀಕೆ ಹೋಗ್ಬ್ಯಾಡಿ ಅಂತ ಬೋರ್ಡ್ ಐತಲ್ಲ ಕಣಮ್ಮ" ಎಂದರು. ಹಲಗೆಯ ಹಿಂದೆ ಕೂತು ನಾನು ಎಲ್ಲ ಕೇಳಿಸಿಕೊಂಡೆ.

ಮಳೆಗಾಲ ಹಿಡಿದ ಮೇಲೆ ಆಲೂರಿಗೆ ಹೋಗಿದ್ದಾಗ ಸಾವಿತ್ರಕ್ಕ ಹೂ ಕಟ್ಟುತ್ತಲೇ ಹೇಳಿದಳು: "ನಿಮ್ಮಣ್ಣನ ಮಗೀಗೆ ಏನೋ ಮೆಟ್ಕಂಡೈತಂತೆ ಕಣವ್ವ. ದೆವ್ವ ನನ್ನ ಹೆಸ್ರು ಹಿಡಿದು ಕರೀತು ಅಂತದೆ. ಸುಳ್ಳು ಬೊಗಳ್ತೀಯ ಅಂತ ಅವರಪ್ಪ ಬಾರ್ಸಿದ್ದೂ ಆಯ್ತು, ತಾಯತ ಕಟ್ಸಿದ್ದೂ ಆಯ್ತು. ಈಗ ಹೆಸ್ರೇ ಬದ್ಲಾಯಿಸ್ಬುಟ್ಟವ್ರೆ—ಪವಿತ್ರ ಅಂತ. ಹಳೇ ಹೆಸ್ರು ಕರೆದ್ರೆ ದೆವ್ವಕ್ಕೆ ಗುರ್ತು ಸಿಕ್ತದಂತೆ."

ಒಂದು ಮಾತು ಸಾಕಿತ್ತು. ಹೊಸಕೋಟೆಯ ಬಸ್ಸು ಅಲ್ಲೇ ನಿಂತಿತ್ತು. ಹತ್ತಿ ಹೋಗಿ, "ಅದು ದೆವ್ವ ಅಲ್ಲ, ನಾನು" ಎಂದಿದ್ದರೆ—ನಿಮ್ಮಪ್ಪ ಹೊಡೆಯುತ್ತಿದ್ದ, ಅಷ್ಟೇ ತಾನೆ? ಆದರೆ ತಂಗಿ ಹೊಟ್ಟೆಪಾಡಿಗೆ ದೆವ್ವದ ವೇಷ ಹಾಕುತ್ತಾಳೆಂದು ಅವನಿಗೆ ತಿಳಿಯಬಾರದು ಎಂಬ ಹಟ ನನ್ನ ಕಾಲು ಕಟ್ಟಿತು. ಒಂದು ಮಗು ದಿನವೂ ಹೆದರಿ ಸಾಯುವುದಕ್ಕಿಂತ ನನ್ನ ಮಾನ ದೊಡ್ಡದಾಯಿತು. ಹಾನುಬಾಳಿನ ಬಸ್ಸು ಹತ್ತಿದೆ.

ಮುಂದೆ ಸಾಹುಕಾರರು ದೆವ್ವದ ಮನೆ ಮುಚ್ಚಿ ಮತ್ತೆ ಅಲ್ಲಿ ಕಾಫಿ ಮೂಟೆ ಜೋಡಿಸಿದರು. ನನ್ನನ್ನು ಕ್ಯಾಂಟೀನಿಗೆ ಹಾಕಿದರು. ಮಕ್ಕಳ ಪಾರ್ಕಿನಲ್ಲಿ ಅಂಥದ್ದು ಇರಬೇಕೋ ಬೇಡವೋ ಎಂದು ಬಂದವರು ಚಹಾ ಕುಡಿಯುತ್ತ ವಾದಿಸುವಾಗ, ಬೇಡವೇ ಬೇಡ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ನಾನೇ. ತಪ್ಪು ಆ ಕಪ್ಪು ಗೋಡೆಗಳದ್ದು ಎಂದುಕೊಂಡರೆ ನಿದ್ದೆ ಬರುತ್ತಿತ್ತು. ಈಗ ಯೋಚಿಸಿದರೆ—ಅಂಥ ಜಾಗಕ್ಕೆ ಸಣ್ಣ ಮಕ್ಕಳನ್ನು ಎಳೆದು ತರಬಾರದು, ಅದು ನಿಜ. ಆದರೆ ಎಷ್ಟೋ ಮಕ್ಕಳು ಹೆದರಿ, ಹೊರಗೆ ಬಂದು, ತಾವೇ ಗೆದ್ದವರಂತೆ ಕುಣಿದದ್ದನ್ನೂ ಕಂಡಿದ್ದೇನೆ. ಅವರಿಗೆ ಅದು ಆಟವೆಂದು ಗೊತ್ತಿತ್ತು. ನಿನ್ನ ಪಾಲಿಗೆ ಅದನ್ನು ಆಟವಲ್ಲದಂತೆ ಮಾಡಿದ್ದು ಕಟ್ಟಡವಲ್ಲ. ನಾನು.

ಕಳೆದ ವರ್ಷ ನಿಮ್ಮಪ್ಪ ಎದೆನೋವಿನಿಂದ ಹೋದಾಗ ಬಂದೆ. ಅತ್ತಿಗೆ, "ಬಾಗ್ಲಲ್ಲಿ ಯಾಕೆ ನಿಂತೆ ರತ್ನ, ಒಳೀಕೆ ಬಾ" ಎಂದರು. ಕಾರ್ಯ ಮುಗಿದ ಮಧ್ಯಾಹ್ನ ಅವರು ನಿನಗೆ ಉಗ್ರಾಣದಿಂದ ಬೆಲ್ಲ ತರಲು ಹೇಳಿದರು. ಕಾಲೇಜಿಗೆ ಹೋಗುವ ಹುಡುಗಿ ನೀನು, ಹಾಡಹಗಲು—ಆದರೂ ಕತ್ತಲೆಯ ಉಗ್ರಾಣದ ಹೊಸಿಲಲ್ಲೇ ನಿಂತುಬಿಟ್ಟೆ. ಮೆಲ್ಲಗೆ ನನ್ನ ಹತ್ತಿರ ಬಂದೆ.

"ಅತ್ತೆ, ಒಸಿ ಜೊತೇಲಿ ಬರ್ತೀರಾ? ನಗಬ್ಯಾಡಿ. ಸಣ್ಣೋಳಿದ್ದಾಗ ಒಂದ್ಸಲ ದೆವ್ವ ನನ್ನ ಮಾತಾಡ್ಸಿತ್ತು. ಅಪ್ಪ ಕೊನೇವರ್ಗೂ ನಂಬ್ಲೇ ಇಲ್ಲ... ನೀವು ನಂಬ್ತೀರಾ?"

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು—

"ನಂಬ್ತೀನಿ ಕಣವ್ವ" ಎಂದೆ.

ನೀನು ನನ್ನ ಭುಜಕ್ಕೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತೆ. ಅಂದಿನಿಂದ ವಾರ ತಪ್ಪದೆ ಫೋನ್ ಮಾಡುತ್ತೀಯ. "ನನ್ನ ನಂಬಿದೋರು ನೀವೊಬ್ರೇ ಅತ್ತೆ" ಅನ್ನುತ್ತೀಯ. ಆ ಫೋನಿಗಾಗಿ ನಾನು ವಾರವೆಲ್ಲ ಕಾಯುತ್ತೇನೆ. ನಾನೇ ಕೊಟ್ಟ ಗಾಯಕ್ಕೆ ನಾನೇ ಕೈಯಾಡಿಸಿ, ನಿನ್ನಿಂದ ಪ್ರೀತಿ ಪಡೆಯುತ್ತಿದ್ದೇನೆ. ಅಂದು ಕತ್ತಲಲ್ಲಿ ಮಾಡಿದ್ದು ಒಂದು ಗಳಿಗೆಯ ಹುಚ್ಚು ಎಂದು ಯಾರಾದರೂ ಹೇಳಿಯಾರು. ಇದಕ್ಕೆ ಏನೆನ್ನುತ್ತಾರೆ?

ಭಾನುವಾರ ಹಾನುಬಾಳಿಗೆ ಬರುತ್ತೇನೆ, ಎರಡು ದಿನ ನಿಮ್ಮ ಜೊತೆ ಇರುತ್ತೇನೆ ಎಂದಿದ್ದೀಯ. ಬರಬೇಡ ಮಗಳೇ. ನಾನೇ ಬರುತ್ತೇನೆ. ಇಲ್ಲಿ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ನಿನ್ನ ಮನೆಯಲ್ಲಿ, ನಿಮ್ಮವ್ವನ ಎದುರು, ಒಂದಕ್ಷರ ಬಿಡದೆ ಹೇಳುತ್ತೇನೆ. ಕೇಳಿದ ಮೇಲೆ ಎದ್ದು ಹೋಗಬೇಕಾದವಳು ನಾನಾಗಿರಬೇಕು, ನೀನಲ್ಲ.