ದರ್ಜಿ ಇಟ್ಟ ಹತ್ತಿ

ಹುಟ್ಟಿನಿಂದ ನನ್ನ ಎಡಭುಜ ತುಸು ಇಳಿದಿತ್ತು. ನಿಜಾಮನ ಆಳ್ವಿಕೆ ಮುಗಿದ ಕೆಲವು ವರ್ಷಕ್ಕೆ ನನಗೆ ಗಂಡು ನೋಡತೊಡಗಿದಾಗ, ಮಸ್ಕಿಯ ನಮ್ಮ ದರ್ಜಿ ತಾನಾಗಿಯೇ ಅದನ್ನು ಗಮನಿಸಿ ರವಿಕೆಯ ಭುಜದೊಳಗೆ ಹತ್ತಿ ಇಟ್ಟು ಹೊಲಿದ.

“ಯಾರಿಗೂ ಗೊತ್ತಾಗಂಗಿಲ್ಲ, ತಂಗಿ,” ಎಂದ. ಕನ್ನಡಿ ನೋಡಿಕೊಂಡಾಗ ನನಗೆ ಕಣ್ಣು ತುಂಬಿ ಬಂತು.

ಲಿಂಗಸುಗೂರಿನ ಗಂಡಿನವರು ಬಂದು ನೋಡಿ ಒಪ್ಪಿ ಹೋದರು. ಆಮೇಲೆ ಬೇಡವೆಂದು ಹೇಳಿಕಳಿಸಿದರು. ಭುಜದ ವಿಷಯ ದರ್ಜಿಯೇ ಅವರಿಗೆ ಹೇಳಿದ್ದ.

ಅಂಗಡಿಗೇ ಹೋಗಿ ಕೇಳಿದೆ: “ಯಾಕ ಹೇಳಿದ್ರಿ, ಕಾಕಾ?”

“ಅವರೂ ನಮ್ಮ ಗಿರಾಕಿನ ಅದಾರವ್ವ. ಹುಡುಗನ ತಾಯಿ ಕೈ ಹಿಡಿದು ಕೇಳಿದ್ಲು. ಮನಸ್ಸು ತಡೀಲಿಲ್ಲ.”

ಅವ್ವ ಆಮೇಲೂ ಅಲ್ಲಿಯೇ ಹೊಲಿಸುತ್ತಿದ್ದಳು. ನಾನು ಮಾತ್ರ ಮತ್ತೆಂದೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.