ಸಿಹಿನೀರು ಸಿಗದ ಸಾಲು

ಮೇವಿನ ಬೆಳೆಗಳ ಸಂಶೋಧನಾ ತೋಟಕ್ಕೆ ಅವಳು ಸಂಶೋಧಕಿಯಾಗಿ ಬಂದ ಮೊದಲ ದಿನ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕುಂಟು ನಾಯಿ ಮಲಗಿತ್ತು. ಕಾವಲುಗಾರ ಬಿಸಿಲಲ್ಲಿ ನಿಂತಿದ್ದ. ತನ್ನ ಟೋಪಿಯನ್ನೂ ಅದರ ಕಣ್ಣಿಗೆ ಮರೆಮಾಡಿದ್ದ. ಅವಳು ಗೇಟಿಗೆ ಕೈಹಾಕುತ್ತಲೇ ತುಟಿಯ ಮೇಲೆ ಬೆರಳಿಟ್ಟ.

"ಈಗಷ್ಟೇ ಕಣ್ಣು ಮುಚ್ಚಿದೆ, ಪಾಪ. ಗೇಟು ಕಿರ್ರ್ ಅನ್ನುತ್ತೆ. ಆ ಕಡೆ ಬೇಲಿ ಸಡಿಲ ಇದೆ, ಹಾಗೇ ಬಂದ್ಬಿಡಿ ಮೇಡಂ."

ನೇಮಕಾತಿ ಪತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು, ಹೊಸ ಬಟ್ಟೆಗೆ ಮಣ್ಣು ಮೆತ್ತಿಕೊಂಡು, ಅವಳು ಬೇಲಿ ನುಸುಳಿ ಕೆಲಸಕ್ಕೆ ಸೇರಿದಳು.

ತೋಟದವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಅಯ್ಯೋಪಾಪ ಎಂದು. ಬೋನಿಗೆ ಬಿದ್ದ ಇಲಿಯನ್ನು ಕಂಡರೂ ಅವನ ಬಾಯಿಂದ ಬರುತ್ತಿದ್ದದ್ದು ಅದೇ ಮಾತು. ಅಯ್ಯೋ ಪಾಪ ಅಂದರೆ ಅರ್ಧ ಆಯುಷ್ಯ ಎನ್ನುತ್ತಾರೆ. ಅವನು ಮಾತ್ರ ಕಲ್ಲುಗುಂಡಿನ ಹಾಗಿದ್ದ.

ಅವಳದು ಪಾಪ ಪುಣ್ಯ ನೋಡುವ ಕೆಲಸವಲ್ಲ. ಸವುಳು ನೆಲದಲ್ಲಿ ಆರು ಬಗೆಯ ಮೇವಿನ ಹುಲ್ಲನ್ನು ಸಾಲಿಗೊಂದರಂತೆ ಬಿತ್ತಿ, ಉಪ್ಪುನೀರಿನ ಬಾವಿಯಿಂದಲೇ ನೀರು ಹಾಯಿಸಿ, ಯಾವುದು ಸಾಯುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ನೋಡಬೇಕು. ಬದುಕಿದ್ದರ ಬೀಜ ಸುತ್ತಲಿನ ದನ ಸಾಕುವವರಿಗೆ ಹೋಗುತ್ತದೆ. ತಪ್ಪು ಬೀಜ ಹೋದರೆ ದನಗಳಿಗೆ ಉಪವಾಸ. ದನದ ಕೊಟ್ಟಿಗೆಯ ಪಕ್ಕದಲ್ಲೇ ಓದಿ ಬೆಳೆದ ಅವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಡುವೆ ಅವಳು ತರಬೇತಿಗೆ ಹೋಗಬೇಕಾಯಿತು. ಹೋಗುವಾಗ ಎಲೆಯ ತುದಿ ಸುಟ್ಟು ಕಂದಿದ್ದ ಹುಲ್ಲೆಲ್ಲ ಬಂದು ನೋಡಿದರೆ ನಳನಳಿಸುತ್ತಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆರೂ ಗೆದ್ದಿವೆ ಎಂದು ಮೇಲಧಿಕಾರಿಗೆ ಫೋನ್ ಮಾಡಿದಳು. ಬೀಜ ಹಂಚುವುದನ್ನು ಗೊತ್ತುಮಾಡಲು ನಾಳೆಯೇ ಬರುತ್ತೇನೆ ಎಂದರು ಅವರು.

ಆ ಸಂಜೆ ಕಾವಲುಗಾರನ ಹೆಂಡತಿ ಖಾಲಿ ಬಕೆಟ್ ಹಿಡಿದು, ಗಂಡನನ್ನೂ ಎಳೆದುಕೊಂಡು ಬಂದಳು.

"ನೀವಾದ್ರೂ ಇವರಿಗೆ ಬುದ್ಧಿ ಹೇಳಿ ತಾಯಿ. ಮನೇಲಿ ಕುಡಿಯೋ ನೀರೆಲ್ಲ ನಿಮ್ಮ ಹುಲ್ಲಿಗೆ ಸುರಿದಿದ್ದಾರೆ. ನನಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟವರಲ್ಲ."

ಹುಲ್ಲು ನಳನಳಿಸಿದ್ದು ಸಿಹಿನೀರಿನಿಂದ ಎಂದು ಸಂಶೋಧಕಿಗೆ ಆಗ ಹೊಳೆಯಿತು. ಅವನು ತಲೆ ಕೆರೆದುಕೊಂಡ. ಉಪ್ಪುನೀರು ಕುಡಿಸಿ ಸಾಯಿಸುವುದನ್ನು ಕಣ್ಣಾರೆ ನೋಡಲಾಗಲಿಲ್ಲ, ಮೇಡಂ ಬರುವಷ್ಟರಲ್ಲಿ ಎಲ್ಲ ಒಣಗಿದ್ದರೆ ಮೇಡಂಗೂ ಸಂಕಟ ಎಂಬುದು ಅವನ ವಾದ. ಎಲ್ಲ ಸಾಲಿಗೂ ಹಾಕಿದಿರಾ ಎಂದು ಅವಳು ಕೇಳಿದಾಗ ಮಾತ್ರ ಅವನ ಮುಖ ಗಂಟಿಕ್ಕಿತು.

"ಆ ಕೊನೇ ಸಾಲಿಗೆ ಒಂದು ಹನಿ ಸಿಹಿನೀರು ಹಾಕಿಲ್ಲ, ಬಾವಿ ನೀರಷ್ಟೇ. ಕಳೆ ಕೀಳೋಕೆ ಹೋದರೆ ಕೈ ಕೊಯ್ದುಬಿಡ್ತು. ಕೊಬ್ಬು ಅದಕ್ಕೆ. ಸಾಯ್ಲಿ ಅಂತ ಬಿಟ್ಟೆ."

ಅವಳು ಓಡಿದಳು. ಆ ಸಾಲೂ ಹಸಿರಾಗಿಯೇ ಇತ್ತು. ಬೆವರು ಒಣಗಿದಂತೆ ಎಲೆಯ ಮೇಲೆ ಬಿಳಿ ಪುಡಿ. ನಾಲಿಗೆಗೆ ತಾಗಿಸಿದರೆ ಉಪ್ಪು. ಹೀರಿದ ಉಪ್ಪನ್ನು ಹುಲ್ಲು ತಾನೇ ಹೊರಗೆ ದೂಡುತ್ತಿತ್ತು.

ಮರುದಿನ ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಮೊದಲು ಬೈದರು, ಆಮೇಲೆ ನಕ್ಕರು, ಕೊನೆಗೆ ಎಲ್ಲವನ್ನೂ ಮತ್ತೆ ಬಿತ್ತಲು ಹೇಳಿ ಹೋದರು. ಈ ಸಲ ಹುಲ್ಲಿನ ಸುತ್ತ ಬೇಲಿ ಬಿಗಿಯಾಯಿತು, ಬೀಗದ ಕೈ ಕಾವಲುಗಾರನ ಹೆಂಡತಿಯ ಕೈ ಸೇರಿತು. ಐದು ಬಗೆಯವೂ ಒಣಗಿದವು. ಅಷ್ಟು ದಿನವೂ ಅವನು ರಸ್ತೆಯ ಕಡೆ ಮುಖ ಮಾಡಿ ಕುಳಿತ. ಕೈ ಕೊಯ್ದ ಹುಲ್ಲು ನಿಂತಿತು. ಹಂಚಿದ್ದು ಅದರ ಬೀಜವನ್ನೇ.

ಎಳಸಿನಲ್ಲೇ ಕೊಯ್ದು ಹಾಕಿದರೆ ಕರುಗಳು ಅದನ್ನು ಚಪ್ಪರಿಸಿ ತಿನ್ನುತ್ತವೆ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಅಯ್ಯೋಪಾಪ ಈಗ ತೋಟದ ಕೊಟ್ಟಿಗೆಯಲ್ಲಿ ಕರುಗಳಿಗೆ ನೀರು ಕುಡಿಸುವ ಕೆಲಸ ಮಾಡುತ್ತಾನೆ.