ಹಿಮ ಬೀಳುವ ತಿಂಗಳ ಕೈತುತ್ತು

ಬೆಳಗಿನ ಏಳೂಮುಕ್ಕಾಲು. ಊಟಿಗೆ ಹೋಗುವ ಬಸ್ಸು ಮೇಲಿನ ತಿರುವಿನಲ್ಲಿ ಹಾರ್ನ್ ಹೊಡೆದಿತ್ತು. ಅವ್ವ ಗಡಿಯಾರ ನೋಡಿ, "ಅಯ್ಯೋ, ಬಂದೇಬುಡ್ತು, ಜಡೆ ಇನ್ನೂ ಅರ್ಧ ಅದೆ" ಎಂದಳು. ಅವಳ ಮುಂದೆ ಮಣೆಯ ಮೇಲೆ ಕೂತಿದ್ದ ನನ್ನ ತಂಗಿ ಸುಮಳ ಬಲಗೈ ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು. "ಸುಮ್ಕಿರೇ, ಕೋತಿ" ಎಂದಳು ಅವ್ವ. ಸುಮ ಸುಮ್ಮನಾಗಲಿಲ್ಲ. ಬಾಯಿ ಒಂದು ಕಡೆಗೆ ಎಳೆಯಿತು, ಕಣ್ಣಿನ ಬಿಳಿ ಮಾತ್ರ ಉಳಿಯಿತು, ಮಣೆಯಿಂದ ಪಕ್ಕಕ್ಕೆ ಬಿದ್ದಳು. ಅಜ್ಜಿ ಓಡಿಬಂದು ಅವಳ ಮುಷ್ಟಿಗೆ ಬೀಗದ ಕೈ ತುರುಕಿದಳು. ಬೀಗದ ಕೈ ನೆಲದ ಮೇಲೆ ಬಡಿದುಕೊಂಡ ಸದ್ದು ಈಗಲೂ ಒಮ್ಮೊಮ್ಮೆ ಕೆಲಸದ ನಡುವೆ ನನಗೆ ಕೇಳಿಸುತ್ತದೆ.

ಆಗ ನಾವು ತುಮ್ಮನಟ್ಟಿಯ ಹತ್ತಿರ ಇಳಿಜಾರಿನಲ್ಲಿ ಕ್ಯಾರೆಟ್ ಬೆಳೆಯುತ್ತಿದ್ದೆವು. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಗುತ್ತಿಗೆಗೆ ಹಿಡಿದ ನೆಲ. ಮನೆ ತುಂಬ ಹಸಿ ಕ್ಯಾರೆಟ್ ಸೊಪ್ಪಿನ ವಾಸನೆ, ಒಲೆಯಲ್ಲಿ ನೀಲಗಿರಿ ಸೌದೆಯ ಹೊಗೆ. ಮೂಟೆಗಳ ಸಂದಿಯಲ್ಲಿ ಸುಮ ಅಡಗುತ್ತಿದ್ದಳು, ನಾನು ಹುಡುಕುತ್ತಿದ್ದೆ. ಹಿಮ ಬೀಳುವ ತಿಂಗಳಲ್ಲಿ ತೊಟ್ಟಿಯ ನೀರು ಮುಟ್ಟಿದರೆ ಕಚ್ಚುತ್ತಿತ್ತು. ಹಿತ್ತಲಿಗೆ ಹೋಗಿ ಬಂದವರೂ ಬೆರಳ ತುದಿ ಅದ್ದಿ, ಅಂಗಿಗೆ ಒರೆಸಿಕೊಂಡು ಒಲೆ ಮುಂದೆ ಕೂರುತ್ತಿದ್ದರು. ಬಿಸಿನೀರು ಸ್ನಾನಕ್ಕೆ ಮಾತ್ರ.

ಅವ್ವನ ತಮ್ಮ ಮಹೇಶ ಮಾಮ ನಮ್ಮ ಜೊತೆಗೇ ಇದ್ದ. ಕ್ಯಾರೆಟ್ ಹೇರಿಕೊಂಡು ಮೇಟ್ಟುಪಾಳ್ಯಕ್ಕೆ ವ್ಯಾನ್ ಓಡಿಸುತ್ತಿದ್ದ. ಸಂಜೆ ಬಂದವನೇ ದೊಡ್ಡ ತಟ್ಟೆಗೆ ಬಿಸಿ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಅವರೆಕಾಳಿನ ಸಾರು, ತುಪ್ಪ ಹಾಕಿ ಕಲಸಿ, ನಮ್ಮಿಬ್ಬರಿಗೂ ತುತ್ತು ಹಾಕುತ್ತಿದ್ದ. "ಇದು ಊಟಿ, ಇದು ಕುನ್ನೂರು, ಇದು ಅರವಂಕಾಡು. ಬಾಯಿ ತಗಿ, ಬಂಡಿ ನಿಲ್ಲಂಗಿಲ್ಲ" ಎಂದು ಒಂದೊಂದು ಉಂಡೆಗೂ ಒಂದೊಂದು ಊರಿನ ಹೆಸರು. ನಾನು ಬೇಗ ಸಾಕೆನ್ನುತ್ತಿದ್ದೆ. ಸುಮ ಮಾತ್ರ ತಟ್ಟೆ ಬರಿದಾದ ಮೇಲೆ ಅವನ ಬೆರಳನ್ನೂ ಚೀಪುತ್ತಿದ್ದಳು.

"ಹೆಣ್ಣು ನೋಡಕ್ಕೆ ಹೋಗ್ಲಾ ಅಂದ್ರೆ, ಮಕ್ಳಿಗೆ ತುತ್ತು ಹಾಕ್ಕಂಡು ಕೂತವ್ನೆ" ಎಂದು ಅಪ್ಪನ ತಾಯಿ, ನಮ್ಮ ಅಜ್ಜಿ, ಛೇಡಿಸುವಳು.

"ನಿಮ್ಮಂಗೆ ಸಾರು ಮಾಡೋ ಹೆಣ್ಣು ಸಿಕ್ಕಲಿ ಅತ್ತೆ, ನಾಳೇನೇ ಆಯ್ತೀನಿ" ಎನ್ನುವನು ಮಾಮ. ಅಜ್ಜಿ ನಗು ಅಡಗಿಸಿಕೊಂಡು ಇನ್ನೊಂದು ಚಮಚ ತುಪ್ಪ ಹಾಕುವಳು.

ಸುಮ ಬಿದ್ದ ದಿನ ಊಟಿಯ ಆಸ್ಪತ್ರೆಯಲ್ಲಿ ಅವಳ ತಲೆಯನ್ನು ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಒಂದು ಬಿಳಿ ಉಂಗುರ ತೋರಿಸಿದರು. "ಬಯಪ್ಪಡಾದೀಂಗ ಪಾಟ್ಟಿ" ಎಂದು ತಮಿಳಿನಲ್ಲಿ ಅಜ್ಜಿಗೆ ಮೊದಲೇ ಧೈರ್ಯ ಹೇಳಿ, ಆಮೇಲೆ ಅದು ಲಾಡಿಹುಳುವಿನ ಮರಿ ಎಂದರು. ಮಗುವಿನ ಮಿದುಳಿನಲ್ಲಿ ಹುಳು! ಅವ್ವ ಬೆಂಚಿನ ಮೇಲೆ ಕುಸಿದು ಕೂತಳು. ಮನೆಯಲ್ಲಿ ಯಾರಾದರೂ ಹಂದಿಮಾಂಸ ತಿನ್ನುತ್ತೀರಾ ಎಂದು ಡಾಕ್ಟರಮ್ಮ ಕೇಳಿದಾಗ ಅಜ್ಜಿಯ ಮುಖ ಕೆಂಪಾಯಿತು.

"ಮೊಟ್ಟೇನೂ ಹೊಸ್ಲು ದಾಟಿಲ್ಲ ಕಣವ್ವ ನಮ್ಮನೇಲಿ!"

ಮಗು ತಿಂದಿರಬೇಕಾಗಿಲ್ಲ ಎಂದರು ಡಾಕ್ಟರಮ್ಮ. ಸರಿಯಾಗಿ ಬೇಯದ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಬರುತ್ತದೆ. ಆ ಮೊಟ್ಟೆ ತೊಳೆಯದ ಕೈಯಿಂದಲೋ, ಕೊಳಕು ನೀರು ತಾಗಿದ ಹಸಿ ತರಕಾರಿಯಿಂದಲೋ ಇನ್ನೊಬ್ಬರ ಬಾಯಿಗೆ ಹೋದರೆ ಮರಿ ರಕ್ತದಲ್ಲಿ ಸಾಗಿ ಮಿದುಳು ಸೇರಬಹುದು. ಎಷ್ಟು ತಿಂಗಳ ಹಿಂದೆ ಹೋಯಿತೆಂದು ಹೇಳುವುದು ಕಷ್ಟ. ಮನೆಯವರೆಲ್ಲರ ಮಲ ಪರೀಕ್ಷೆ ಆಗಲೇಬೇಕು ಎಂದು ಡಬ್ಬಿಗಳನ್ನು ಕೊಟ್ಟು ಕಳಿಸಿದರು.

ಅಪ್ಪ ಹಸಿ ತರಕಾರಿ ಎಂಬ ಮಾತನ್ನಷ್ಟೇ ಹಿಡಿದುಕೊಂಡ. ಮನೆಗೆ ಬಂದವನೇ ಮೂಲೆಯಲ್ಲಿದ್ದ ಕ್ಯಾರೆಟ್ ಬುಟ್ಟಿಯನ್ನು ತಿಪ್ಪೆಗೆ ಸುರಿದ. ಅಜ್ಜಿ ಡಬ್ಬಿಗಳನ್ನು ಸೌದೆ ರಾಶಿಯ ಹಿಂದಕ್ಕೆ ಎಸೆದಳು. "ಮಾನ ಮರ್ಯಾದೆ ಬುಟ್ಟು ಇದ ಹೊತ್ಕಂಡು ಊಟೀಲಿ ತಿರಗ್ಬೇಕಾ?" ಅಂದು ಸಂಜೆ ಮಾಮ ಹೊಟ್ಟೆ ಸರಿಯಿಲ್ಲವೆಂದು ತಟ್ಟೆ ಮುಟ್ಟಲಿಲ್ಲ. ಸುಮ ಬಾಯಿ ತೆರೆದುಕೊಂಡು ಅವನ ಮುಂದೆ ಕೂತೇ ಇದ್ದಳು.

ಔಷಧಿ ನಡೆಯುತ್ತಿರುವಾಗಲೇ, ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ ಸುಮಳಿಗೆ ಮತ್ತೆ ಫಿಟ್ಸ್ ಬಂತು. ಈ ಸಲ ಬೇಗ ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಅಪ್ಪ ಅವಳನ್ನು ಎತ್ತಿಕೊಂಡು ವ್ಯಾನಿಗೆ ಓಡಿದ. ವ್ಯಾನಿನ ಬಾಗಿಲು ಹಿಡಿದ ಮಾಮನ ಕೈ ಬಾಗಿಲನ್ನು ಬಿಡಲೇ ಇಲ್ಲ.

"ಅಕ್ಕ, ನಂದು. ನನ್ನ ಹೊಟ್ಟೇಲಿ ಅದೆ" ಎಂದ.

"ಏನದೆ?"

"ಹುಳ. ಬಿಳೀ ಲಾಡಿ ತುಂಡಿನಂಗೆ ಬೀಳ್ತಾ ಅದೆ, ಯಾವಾಗಿಂದ್ಲೋ. ಲೋಡ್ ಇಳಿಸಿದ್ಮೇಲೆ ಹುಡುಗ್ರ ಜತೇಲಿ ಹಂದಿ ಸುಟ್ಕಂಡು ತಿಂತಿದ್ದೊ. ಒಳಗೆ ಬೆಂದಿತ್ತೋ ಇಲ್ವೋ ನೋಡ್ನಿಲ್ಲ. ನಾಚ್ಕೆಗೆ ಹೇಳ್ನಿಲ್ಲ ಅಕ್ಕ."

ಅವ್ವ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲೇ ಅವನ ಅಂಗಿ ಹಿಡಿದು ವ್ಯಾನಿನೊಳಕ್ಕೆ ನೂಕಿದಳು. "ಹತ್ತು. ನೀನೂ ಬಾ ಡಾಕ್ಟ್ರತಾವ." ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಅಂಗಳದಲ್ಲೇ ನಿಂತಿದ್ದಳು. ನಾನು ಅಡುಗೆಮನೆಗೆ ಹೋಗಿ ಬಾಯಿ ತೊಳೆದೆ, ಮತ್ತೆ ತೊಳೆದೆ. ಆ ತುತ್ತುಗಳನ್ನು ನಾನೂ ತಿಂದಿದ್ದೆ.

ವರ್ಷಗಳಾದ ಮೇಲೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಆ ಹುಳುವಿನ ಜೀವನಚಕ್ರದ ಚಿತ್ರ ಬಂತು. ಹಂದಿ, ಮನುಷ್ಯ, ನಡುವೆ ಬಾಣದ ಗುರುತುಗಳು. ಒಂದು ಬಾಣ ಕೈಯಿಂದ ಬಾಯಿಗೆ ಹೋಗಿತ್ತು. ಗೆಳತಿಯರು ಅದನ್ನು ಬರೆದುಕೊಳ್ಳುತ್ತಿದ್ದರು. ನಾನು ಎದ್ದು ಹೊರಗೆ ಹೋದೆ.

ಮಾಮನ ಹುಳು ಮಾತ್ರೆಗೆ ಹೋಯಿತು. ನಮ್ಮ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಅವನಿಗೆ ಮದುವೆಯಾಯಿತು, ಮಕ್ಕಳಾದವು. ಆದರೆ ತನ್ನ ಮಕ್ಕಳ ಬಾಯಿಗೂ ಅವನು ಒಂದು ತುತ್ತು ಇಟ್ಟಿದ್ದನ್ನು ನಾನು ಕಂಡಿಲ್ಲ. ಪೂರ್ತಿ ವಾಸಿಯಾಗಿದೆ, ಸೋಪು ಹಾಕಿ ತೊಳೆದರೆ ಸಾಕು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಅಷ್ಟೇ. ಈಗ ಆ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಮಕ್ಕಳು ಟಿವಿ ನೋಡುತ್ತ ಚಮಚದಲ್ಲಿ ಉಣ್ಣುತ್ತವೆ. ಅನ್ನದ ಉಂಡೆಗೆ ಊರಿನ ಹೆಸರಿತ್ತೆಂದು ಅವಕ್ಕೆ ಗೊತ್ತಿಲ್ಲ. ಸುಮಳಿಗೂ ನೆನಪಿಲ್ಲ.

ಫಿಟ್ಸ್ ನಿದ್ದೆಯಲ್ಲಿ ಬಂದೀತೆಂಬ ಹೆದರಿಕೆಗೆ ಆ ಚಳಿಗಾಲವೆಲ್ಲ ದೊಡ್ಡವರು ಸರದಿಯ ಮೇಲೆ ಎದ್ದಿರುತ್ತಿದ್ದರು. ಮಾಮ ತನ್ನ ಸರದಿ ಮುಗಿದರೂ ಅವಳ ಪಕ್ಕದಿಂದ ಏಳುತ್ತಿರಲಿಲ್ಲ. ಹೊಸ ಸ್ಕ್ಯಾನಿನಲ್ಲಿ ಉಂಗುರ ಒಣಗಿ ಚುಕ್ಕೆಯಾಗಿದೆ ಎಂದು ತಿಳಿದ ಮರುದಿನ, ನಾವು ಎದ್ದಾಗ ಬಿಸಿಲು ನಡುಮನೆಗೆ ಬಂದಿತ್ತು. ಯಾರೂ ಯಾರನ್ನೂ ಎಬ್ಬಿಸಿರಲಿಲ್ಲ. ಮಾಮ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಸುಮ ಅವನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದುಕೊಂಡು ಮಲಗಿದ್ದಳು. ನಾನು ಹತ್ತಿರ ಹೋದೆ. ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಾಯಿಯ ಮೇಲೆ ಬೆರಳಿಟ್ಟಳು.

"ಎಬ್ಬಿಸ್ಬ್ಯಾಡ ಬುಡವ್ವ. ಮಲಿಕ್ಕಳ್ಳಿ, ಇಬ್ರೂವೆ."